ಪೀಠಸರ್ಪಿಯಿಂದ ವನವಿಹಾರಿಯವರೆಗೆ: ಗಾಲಿಕುರ್ಚಿಯು ಹೊಸ್ತಿಲು ದಾಟಿದ ಚರಿತ್ರೆ

೧

ಕಾಲುಗಳ ಬಲ ಕುಂದಿದವರು ಒಂದೆಡೆಯಿಂದ ಮತ್ತೊಂದೆಡೆಗೆ ಹೋಗುವುದಕ್ಕೆ ಉಪಯೋಗಿಸುವ ಗಾಲಿಕುರ್ಚಿಯ ಚರಿತ್ರೆಯನ್ನು ಸಾಮಾನ್ಯವಾಗಿ ವೈದ್ಯೋಪಕರಣಗಳ ಚರಿತ್ರೆಯಲ್ಲಿ ಸೇರಿಸುವುದು ವಾಡಿಕೆ. ಅದು ಯುಕ್ತವೇ. ಆದರೆ ಆ ಕ್ರಮವನ್ನು ಅನುಸರಿಸಿದಲ್ಲಿ ಒಂದು ಪ್ರಶ್ನೆಯು ಏಳುವುದೇ ಇಲ್ಲ. ಕುರ್ಚಿಯು ರೋಗಿಯ ಕೊಠಡಿಯಿಂದ ಪಡಸಾಲೆಗೂ ಪಡಸಾಲೆಯಿಂದ ಬೀದಿಗೂ ಬಂದ ಕಥೆಯು ವಿದಿತವಾಗಿದೆ. ಬೀದಿಯಿಂದಾಚೆಗೆ ಕಾಡು, ಬೆಟ್ಟ, ಹೊಳೆಯ ದಡ, ಕಡಲ ಮರಳು ಇವುಗಳಿಗೆ ಅದು ಹೋದದ್ದು ಯಾವಾಗ? ಅಷ್ಟು ತಡವಾದುದಕ್ಕೆ ಕಾರಣವೇನು? ಇದನ್ನು ವಿಚಾರಮಾಡುವುದೇ ಈ ಲೇಖನದ ಉದ್ದೇಶ.

ಸಾಹಿತ್ಯದ ವಿದ್ಯಾರ್ಥಿಗಳಿಗೆ ಇದರಿಂದೇನು ಪ್ರಯೋಜನವೆಂದು ಕೆಲವರು ಕೇಳಬಹುದು. ಮಹಾಕಾವ್ಯಕ್ಕೆ ಅಷ್ಟಾದಶವರ್ಣನೆಗಳು ಇರಬೇಕೆಂದು ನಮ್ಮ ಆಲಂಕಾರಿಕರು ವಿಧಿಸಿರುವುದು ಎಲ್ಲರೂ ಬಲ್ಲ ವಿಷಯ. ಸಮುದ್ರ, ಶೈಲ, ಋತು, ಚಂದ್ರೋದಯ, ಸೂರ್ಯೋದಯ, ಉದ್ಯಾನವಿಹಾರ, ಜಲಕ್ರೀಡೆ ಎಂಬಿವು ಆ ಪಟ್ಟಿಯಲ್ಲಿ ಯುದ್ಧ, ಮಂತ್ರಾಲೋಚನೆ, ವಿವಾಹ ಮೊದಲಾದುವುಗಳಿಗೆ ಸಮವಾದ ಸ್ಥಾನವನ್ನು ಪಡೆದಿವೆ. ನಾಯಕನ ಬಾಳು ಪೂರ್ಣವೆನ್ನಿಸಿಕೊಳ್ಳಬೇಕಾದರೆ ಅವನು ಗೆದ್ದರೆ ಸಾಲದು, ಆಳಿದರೆ ಸಾಲದು. ಬೆಟ್ಟವನ್ನು ನೋಡಬೇಕು, ನೀರಿಗಿಳಿಯಬೇಕು, ವಸಂತದ ತೋಟದಲ್ಲಿ ಸುತ್ತಾಡಬೇಕು. ವಿಹಾರವು ಬಾಳಿಗೆ ಹೊರಗಣ ಅಲಂಕಾರವಲ್ಲ, ಅದರ ಒಂದು ಅಂಗ ಎಂಬ ಅಭಿಪ್ರಾಯವು ಈ ಲಕ್ಷಣದಲ್ಲಿ ಅಡಗಿದೆ. ಹಾಗಿದ್ದಮೇಲೆ, ನಡೆಯಲಾರದವನಿಗೆ ಆ ಅಂಗವು ಇದೆಯೇ ಇಲ್ಲವೇ ಎಂಬುದು ಕಾವ್ಯವನ್ನು ಪಾಠಹೇಳುವವರು ಕಡೆಗಣಿಸತಕ್ಕ ಪ್ರಶ್ನೆಯಲ್ಲ.

೨

ಮೊದಲು ನಮ್ಮ ಪ್ರಾಚೀನ ಗ್ರಂಥಗಳಲ್ಲಿ ದೊರೆಯುವ ಸಂಗತಿಯನ್ನು ನೋಡೋಣ. ಅಮರಕೋಶವು ಪಂಗು, ಶ್ರೋಣ, ಖಂಜ, ಖೋಡ ಎಂಬ ಶಬ್ದಗಳನ್ನು ಕೊಡುತ್ತದೆ. ಇವೆಲ್ಲವೂ ದೇಹದ ನ್ಯೂನತೆಯನ್ನು ಹೇಳುವ ಹೆಸರುಗಳು. ಆದರೆ ಇವುಗಳಲ್ಲದೆ ಪ್ರಾಚೀನವಾದ ಇನ್ನೊಂದು ಶಬ್ದವಿದೆ: ಪೀಠಸರ್ಪೀ. ಪೀಠದಿಂದ ಸರಿಯುವವನು, ಅಂದರೆ ಮಣೆಯಂಥ ಆಸನದ ಮೇಲೆ ಕುಳಿತು ನೆಲದ ಮೇಲೆ ಮುಂದುವರಿಯುವವನು ಎಂದು ಇದರ ಅರ್ಥ. ಗತ್ಯರ್ಥದ ಸೃಪ್ ಧಾತುವಿನಿಂದ ಬಂದ ಶಬ್ದವಿದು. ಸರ್ಪವೆಂಬುದೂ ಅದೇ ಧಾತುವಿನದು. ಉಳಿದ ಹೆಸರುಗಳು ಮನುಷ್ಯನಲ್ಲಿ ಇಲ್ಲದ್ದನ್ನು ಹೇಳಿದರೆ ಇದೊಂದು ಅವನು ಮಾಡುವುದನ್ನು ಹೇಳುತ್ತದೆ. ಅವನಿಗೆ ಒಂದು ಸಾಧನವುಂಟು, ಒಂದು ಗತಿಯುಂಟು.

ಶುಕ್ಲಯಜುರ್ವೇದದ ವಾಜಸನೇಯಿಸಂಹಿತೆಯ ೩೦ನೆಯ ಅಧ್ಯಾಯದಲ್ಲಿ ಪುರುಷಮೇಧಪ್ರಕರಣದ ನಾನಾವಿಧ ಜನರ ಪಟ್ಟಿಯೊಂದಿದೆ. ಒಬ್ಬೊಬ್ಬರನ್ನೂ ಒಂದೊಂದು ದೇವತೆಗೆ ಸಂಬಂಧಪಡಿಸಿರುವ ಆ ಪಟ್ಟಿಯಲ್ಲಿ ಪೀಠಸರ್ಪಿಯೂ ಬರುತ್ತಾನೆ. ಅವನಿಗೆ ಹೇಳಿರುವ ದೇವತೆ ಪೃಥಿವಿ. ನೆಲಕ್ಕೆ ಅತಿಸಮೀಪವಾಗಿ ಚಲಿಸುವವನನ್ನು ಭೂಮಿಗೆ ಸೇರಿದವನೆಂದು ಎಣಿಸಿದ್ದು ಸಹಜವೇ. ಮನುಸ್ಮೃತಿಯ ಎಂಟನೆಯ ಅಧ್ಯಾಯದಲ್ಲಿ ರಾಜನು ಕರವನ್ನು ತೆಗೆದುಕೊಳ್ಳಬಾರದವರ ಪೈಕಿ ಕುರುಡನನ್ನೂ ಎಪ್ಪತ್ತು ವರ್ಷ ತುಂಬಿದವನನ್ನೂ ಹೇಳುವ ಜಾಗದಲ್ಲಿ ಪೀಠಸರ್ಪಿಯನ್ನೂ ಹೇಳಿದೆ. ಆ ವಿಧಿಯಲ್ಲಿ ದಯೆಯುಂಟು. ಆದರೆ ಕರವನ್ನು ಬಿಟ್ಟುಕೊಟ್ಟ ರಾಜನು ತನ್ನ ಉದ್ಯಾನದ ಬಾಗಿಲನ್ನೂ ಅವನಿಗೆ ತೆರೆಯಬೇಕೆಂಬ ಮಾತು ಅಲ್ಲಿಲ್ಲ. ರಿಯಾಯಿತಿಯು ಒಂದು, ವಿಹಾರವು ಇನ್ನೊಂದು.

ದರ್ಶನಗ್ರಂಥಗಳಲ್ಲಿ ಬರುವ ಪ್ರಸಿದ್ಧವಾದ ದೃಷ್ಟಾಂತವು ಪಂಗ್ವಂಧನ್ಯಾಯ. ಈಶ್ವರಕೃಷ್ಣನು ಸಾಂಖ್ಯಕಾರಿಕೆಯಲ್ಲಿ ಪುರುಷ ಮತ್ತು ಪ್ರಕೃತಿಗಳ ಸಂಯೋಗವನ್ನು ಕುಂಟನೂ ಕುರುಡನೂ ಕೂಡಿ ನಡೆಯುವುದಕ್ಕೆ ಹೋಲಿಸಿರುವನು. ಗೌಡಪಾದಭಾಷ್ಯವು ಇದನ್ನೊಂದು ಕಥೆಯಾಗಿ ಬೆಳೆಸಿದೆ: ಕಾಡಿನಲ್ಲಿ ಕಳ್ಳರ ಹಾವಳಿಗೆ ಸಿಕ್ಕಿ ಜೊತೆಗಾರರಿಂದ ಅಗಲಿದ ಇಬ್ಬರು ಸಂಧಿಸುತ್ತಾರೆ, ಕುರುಡನು ಕುಂಟನನ್ನು ಹೆಗಲಮೇಲೆ ಕೂರಿಸಿಕೊಳ್ಳುತ್ತಾನೆ, ಕುಂಟನು ದಾರಿಯನ್ನು ತೋರಿಸುತ್ತಾನೆ. ಇಲ್ಲಿ ಗಮನಿಸಬೇಕಾದ ಅಂಶವೇನೆಂದರೆ, ನಡೆಯಲಾರದವನೇ ನೋಡುವವನು. ಕಾಡಿನ ದಾರಿಯನ್ನು ಕಂಡವನೂ ಎಲ್ಲಿಗೆ ತಿರುಗಬೇಕೆಂದು ಹೇಳಿದವನೂ ಅವನೇ. ಹೊತ್ತವನು ಹೇಳಿದಂತೆ ನಡೆದನು.

ಈ ಚರಿತ್ರೆಯನ್ನು ಓದುವುದಕ್ಕೆ ವ್ಯಾಕರಣದ ಕಾರಕವಿಭಾಗವು ನಮಗೆ ಒಳ್ಳೆಯ ಕೈದೀವಿಗೆಯಾಗುತ್ತದೆ. ಕ್ರಿಯೆಯಲ್ಲಿ ಸ್ವತಂತ್ರನಾಗಿರುವವನು ಕರ್ತೃ, ಕ್ರಿಯೆಗೆ ಒಳಗಾಗುವುದು ಕರ್ಮ, ಮುಖ್ಯಸಾಧನವು ಕರಣ, ನಡೆಯುವ ಎಡೆಯು ಅಧಿಕರಣ. ಆಡನ್ನು ಊರಿಗೆ ಕೊಂಡೊಯ್ಯುವ ಹಳೆಯ ಉದಾಹರಣೆಯನ್ನು ವ್ಯಾಕರಣಪಾಠದಲ್ಲಿ ಎಲ್ಲರೂ ಕೇಳಿರುವರು. ಅಲ್ಲಿ ಆಡು ಕರ್ಮ. ಊರಿಗೆ ಹೋಗಲು ಅದಕ್ಕೆ ಇಷ್ಟವೋ ಅಲ್ಲವೋ ಯಾರೂ ಕೇಳುವುದಿಲ್ಲ. ಗಾಲಿಕುರ್ಚಿಯಲ್ಲಿ ಕುಳಿತವನು ಬಹುಕಾಲ ಈ ಆಡಿನ ಸ್ಥಾನದಲ್ಲಿಯೇ ಇದ್ದನು. ಅವನು ಕರ್ತೃವಾದುದು ಹೇಗೆ, ಕುರ್ಚಿಯು ಅವನ ಕರಣವಾದುದು ಹೇಗೆ, ಬಯಲು ಅವನಿಗೆ ಅಧಿಕರಣವಾಗಿ ಒದಗಿದುದು ಹೇಗೆ ಎಂಬ ಮೂರು ಸಂಗತಿಗಳನ್ನು ಬೇರೆಬೇರೆಯಾಗಿ ನೋಡಿದಲ್ಲಿ ಈ ಚರಿತ್ರೆಯ ತೊಡಕು ಬಿಡುವುದು.

೩

ಆಸನಕ್ಕೆ ಗಾಲಿಗಳನ್ನು ಜೋಡಿಸಿದ ಪ್ರಯತ್ನಗಳ ಪೈಕಿ ಯೂರೋಪಿನಲ್ಲಿ ಪ್ರಸಿದ್ಧವಾದುದು ಸ್ಪೇಯಿನ್ ದೇಶದ ಎರಡನೆಯ ಫಿಲಿಪ್ ರಾಜನ ಕುರ್ಚಿ. ಅವನು ಮುಪ್ಪಿನಲ್ಲಿ ವಾತರಕ್ತರೋಗದಿಂದ ಬಹಳವಾಗಿ ನರಳಿದನು. ಅವನ ಸೇವೆಯಲ್ಲಿದ್ದ ಫ್ಲಾಂಡರ್ಸ್ ದೇಶದ ಜೆಹಾನ್ ಲೆರ್ಮಿಟ್ ಎಂಬಾತನು ತನ್ನ ಸ್ಮರಣಗ್ರಂಥದಲ್ಲಿ ಆ ಕುರ್ಚಿಯ ಚಿತ್ರವನ್ನು ಬರೆದಿಟ್ಟಿರುವನು. ಬೆನ್ನಿನ ಒರಗನ್ನು ಬೇಕಾದಂತೆ ಬಾಗಿಸಬಹುದಾಗಿತ್ತು. ಕಾಲುಗಳನ್ನು ಚಾಚುವುದಕ್ಕೆ ಹಲಗೆಯಿತ್ತು. ಕಾಲುಗಳ ತುದಿಯಲ್ಲಿ ಪುಟ್ಟ ಗಾಲಿಗಳಿದ್ದುವು. ಆದರೆ ಆ ಗಾಲಿಗಳು ಅರಮನೆಯ ನೆಲಕ್ಕೆ ತಕ್ಕುವು, ನೂಕುವವರು ಸೇವಕರು. ೧೫೯೮ರಲ್ಲಿ ಆ ರಾಜನು ಮ್ಯಾಡ್ರಿಡ್ಡಿನಿಂದ ಎಸ್ಕೋರಿಯಲ್ ಅರಮನೆಗೆ ತನ್ನ ಕಡೆಯ ಪ್ರಯಾಣವನ್ನು ಮಾಡಿದಾಗ ಜನರು ಅವನನ್ನು ಹಲವು ದಿನಗಳ ಕಾಲ ಹೊತ್ತುಕೊಂಡೇ ಹೋಗಬೇಕಾಯಿತು. ಮನೆಯೊಳಗೆ ಗಾಲಿ, ಹೊರಗೆ ಹೆಗಲು ಎಂಬ ಈ ಏರ್ಪಾಡು ಬಹುಕಾಲ ಬದಲಾಗಲಿಲ್ಲ.

ಬೇರೆಯವರ ಹಂಗಿಲ್ಲದೆ ಚಲಿಸಿದ ಮೊದಲಿಗರಲ್ಲಿ ಅಗ್ರಗಣ್ಯನು ಅರಸನಲ್ಲ, ಒಬ್ಬ ಕುಶಲಕರ್ಮಿ. ಜರ್ಮನಿಯ ನ್ಯೂರೆಂಬರ್ಗ್ ನಗರಕ್ಕೆ ಸಮೀಪದ ಆಲ್ಟ್‌ಡಾರ್ಫ್ ಎಂಬ ಊರಿನಲ್ಲಿ ಸ್ಟೆಫಾನ್ ಫಾರ್ಫ್ಲರ್ ಎಂಬ ಗಡಿಯಾರ ಮಾಡುವವನಿದ್ದನು. ಅವನ ಕಾಲ ೧೬೩೩ರಿಂದ ೧೬೮೯. ಅವನಿಗೆ ನಡೆಯುವ ಶಕ್ತಿಯಿರಲಿಲ್ಲ. ೧೬೫೫ರಲ್ಲಿ, ತನ್ನ ೨೨ನೆಯ ವಯಸ್ಸಿನಲ್ಲಿ, ಅವನು ಮೂರು ಗಾಲಿಗಳ ಒಂದು ಕುರ್ಚಿಯನ್ನು ತನಗಾಗಿ ತಾನೇ ರಚಿಸಿಕೊಂಡನು. ಮುಂದಣ ಗಾಲಿಯ ಮೇಲುಗಡೆ ಎರಡು ಕೈಹಿಡಿಗಳು. ಅವುಗಳನ್ನು ತಿರುಗಿಸಿದರೆ ಹಲ್ಲುಚಕ್ರಗಳ ಮೂಲಕ ಬಲವು ಗಾಲಿಗೆ ಸಾಗುತ್ತಿತ್ತು. ಗಡಿಯಾರದೊಳಗಿನ ಹಲ್ಲುಚಕ್ರಗಳ ಪರಿಚಯವೇ ಈ ಕಲ್ಪನೆಗೆ ಮೂಲವಾಗಿರಬೇಕೆಂದು ಊಹಿಸಬಹುದು. ಕುಳಿತವನು ಕರ್ತೃವಾದ ಕ್ಷಣವು ಇದೆಂದರೆ ತಪ್ಪಾಗದು. ನಮ್ಮ ದೇಶದ ಊರೂರುಗಳಲ್ಲಿ ಕೈಯಿಂದ ತಿರುಗಿಸಿಕೊಂಡು ಹೋಗುವ ಮೂರುಗಾಲಿಯ ಸೈಕಲ್ಲುಗಳನ್ನು ವಾಚಕರು ನೋಡಿಯೇ ಇರುವರು. ಅವು ತತ್ತ್ವತಃ ಫಾರ್ಫ್ಲರನ ಕುರ್ಚಿಯ ವಂಶಕ್ಕೆ ಸೇರಿದುವು.

ಹದಿನೆಂಟನೆಯ ಶತಮಾನದಲ್ಲಿ ಇಂಗ್ಲೆಂಡಿನ ಬಾತ್ ಎಂಬ ಊರು ಬಿಸಿನೀರಿನ ಬುಗ್ಗೆಗಳಿಗಾಗಿ ಹೆಸರಾಗಿತ್ತು. ಸ್ನಾನದಿಂದ ಗುಣಹೊಂದಲು ಬರುವ ರೋಗಿಗಳಿಗಾಗಿ ಅಲ್ಲಿ ತಯಾರಾದ ಗಾಲಿಕುರ್ಚಿಗೆ ಊರಿನ ಹೆಸರೇ ನಿಂತಿತು. ೧೭೮೩ರಲ್ಲಿ ಜಾನ್ ಡಾಸನ್ ಎಂಬಾತನು ಮಾಡಿದ ಬಾತ್ ಕುರ್ಚಿಯು ಮುಂದಿನ ಶತಮಾನದಲ್ಲಿ ಬಹಳ ಪ್ರಚಾರಕ್ಕೆ ಬಂದಿತು. ಹಿಂದೆ ಎರಡು ದೊಡ್ಡ ಗಾಲಿ, ಮುಂದೆ ಒಂದು ಚಿಕ್ಕ ಗಾಲಿ; ಆ ಚಿಕ್ಕ ಗಾಲಿಯನ್ನು ತಿರುಗಿಸುವ ಕೋಲು ಕುಳಿತವನ ಕೈಯಲ್ಲಿ. ನೂಕುವವನು ಅಥವಾ ಎಳೆಯುವವನು ಇನ್ನೊಬ್ಬ. ಇಲ್ಲಿ ಬಲವು ಒಬ್ಬನದು, ದಿಕ್ಕು ಮತ್ತೊಬ್ಬನದು. ಪಂಗ್ವಂಧನ್ಯಾಯಕ್ಕೆ ಇದಕ್ಕಿಂತ ಹತ್ತಿರವಾದ ಯಂತ್ರವನ್ನು ತೋರಿಸುವುದು ಕಷ್ಟ. ಈ ಕುರ್ಚಿಯು ಬೀದಿಗೆ ಬಂದಿತು, ಉದ್ಯಾನದ ಹಾಸುಗಲ್ಲಿನ ದಾರಿಗೆ ಬಂದಿತು. ದಾರಿಯು ಮುಗಿದಲ್ಲಿ ಅದೂ ನಿಂತಿತು.

೪

ಇಪ್ಪತ್ತನೆಯ ಶತಮಾನದಲ್ಲಿ ಈ ಪ್ರಶ್ನೆಯ ಎರಡು ಮುಖಗಳನ್ನು ಅಮೆರಿಕದ ಅಧ್ಯಕ್ಷ ಫ್ರಾಂಕ್ಲಿನ್ ರೂಸ್ವೆಲ್ಟನ ಬಾಳಿನಲ್ಲಿ ಒಟ್ಟಿಗೆ ಕಾಣಬಹುದು. ೧೯೨೧ರಲ್ಲಿ ಅವನ ಕಾಲುಗಳು ರೋಗದಿಂದ ಸ್ವಾಧೀನ ತಪ್ಪಿದುವು. ಸಾಧಾರಣವಾದ ಊಟದ ಮನೆಯ ಕುರ್ಚಿಯ ಕಾಲುಗಳನ್ನು ತೆಗೆಯಿಸಿ ಅದಕ್ಕೆ ಗಾಲಿಗಳನ್ನು ಹಾಕಿಸಿಕೊಂಡು ಅವನು ಮನೆಯೊಳಗೆ ಓಡಾಡುತ್ತಿದ್ದನು. ಕಿರಿದಾದ ಬಾಗಿಲುಗಳಲ್ಲಿ ಅದು ಸಲೀಸಾಗಿ ನುಸುಳುತ್ತಿತ್ತು. ಹೊರಗೆ ಅದರಿಂದ ಪ್ರಯೋಜನವಿರಲಿಲ್ಲ. ಹೊರಗಿನ ಸಂಚಾರಕ್ಕೆ ಅವನು ಕೈಗಳಿಂದಲೇ ನಡೆಸಬಹುದಾದ ಮೋಟಾರುಗಾಡಿಯನ್ನು ಅಣಿಮಾಡಿಸಿಕೊಂಡನು. ಜಾರ್ಜಿಯ ಸಂಸ್ಥಾನದ ವಾರ್ಮ್ ಸ್ಪ್ರಿಂಗ್ಸ್ ಎಂಬಲ್ಲಿಗೆ ಚಿಕಿತ್ಸೆಗಾಗಿ ಹೋಗುತ್ತಿದ್ದಾಗ ಆ ಗಾಡಿಯಲ್ಲಿ ಹಳ್ಳಿಯ ದಾರಿಗಳಲ್ಲಿ ತಾನೇ ಸುತ್ತಾಡುತ್ತ ರೈತರನ್ನು ಮಾತನಾಡಿಸುತ್ತಿದ್ದನು. ಅಲ್ಲಿಯ ಪೈನ್ ಬೆಟ್ಟದ ಮೇಲಿನ ಡೌಡೆಲ್ಸ್ ನಾಬ್ ಎಂಬ ನೆತ್ತಿಯು ಅವನಿಗೆ ಅತಿಪ್ರಿಯವಾದ ವನಭೋಜನದ ಸ್ಥಳವಾಗಿತ್ತು. ರಾಷ್ಟ್ರದ ಮುಖ್ಯಾಧಿಕಾರಿಗೆ ಎರಡು ಬೇರೆ ಸಾಧನಗಳು ಒದಗಿದುವು. ಸಾಮಾನ್ಯರಿಗೆ ಮನೆಯೊಳಗಿನ ಕುರ್ಚಿಯೇ ಗತಿಯಾಗಿತ್ತು.

ಅದೇ ಕಾಲದಲ್ಲಿ ಒಂದು ದೊಡ್ಡ ಸುಧಾರಣೆ ನಡೆಯಿತು. ೧೯೧೮ರಲ್ಲಿ ಗಣಿಯ ಅಪಘಾತದಲ್ಲಿ ಬೆನ್ನುಮೂಳೆಗೆ ಪೆಟ್ಟುಬಿದ್ದಿದ್ದ ಹರ್ಬರ್ಟ್ ಎವರೆಸ್ಟ್ ಎಂಬಾತನೂ ಅವನ ಸ್ನೇಹಿತನಾದ ಹ್ಯಾರಿ ಜೆನ್ನಿಂಗ್ಸ್ ಎಂಬ ಎಂಜಿನಿಯರನೂ ಸೇರಿ ೧೯೩೦ರ ದಶಕದ ಆದಿಭಾಗದಲ್ಲಿ ಉಕ್ಕಿನ ಕೊಳವೆಗಳಿಂದ ಮಡಿಸಬಲ್ಲ ಕುರ್ಚಿಯನ್ನು ಮಾಡಿದರು. ಅದು ಮೋಟಾರುಗಾಡಿಯಲ್ಲಿ ಹಿಡಿಸುತ್ತಿತ್ತು. ಕುರ್ಚಿಯು ಮನುಷ್ಯನೊಂದಿಗೆ ನೂರಾರು ಮೈಲಿ ಹೋಗುವುದು ಸಾಧ್ಯವಾಯಿತು. ಹಿಂದೆ ಎರಡು ದೊಡ್ಡ ಗಾಲಿ, ಅವುಗಳ ಅಂಚಿಗೆ ಕೈಯಿಂದ ತಳ್ಳುವ ಬಳೆ, ಮುಂದೆ ಅತ್ತಿತ್ತ ತಿರುಗುವ ಎರಡು ಕಿರುಗಾಲಿ ಎಂಬ ಆ ರೂಪವೇ ಜಗತ್ತಿನ ಆಸ್ಪತ್ರೆಗಳಲ್ಲೆಲ್ಲ ಸ್ಥಿರವಾಯಿತು. ಆದರೆ ಗಾಡಿಯಿಂದಿಳಿದು ಹುಲ್ಲಿನ ಮೇಲೆ ಹತ್ತು ಮಾರು ಹೋಗಬೇಕಾದಲ್ಲಿ ಆ ಕುರ್ಚಿಯು ಸೋಲುತ್ತಿತ್ತು.

ಇದಕ್ಕೆ ಕಾರಣವು ಮುಂದಣ ಕಿರುಗಾಲಿ. ಗಾಲಿಯನ್ನು ನೆಲಕ್ಕೆ ಸಮವಾಗಿ ಮುಂದಕ್ಕೆ ಎಷ್ಟೇ ನೂಕಿದರೂ ತನ್ನ ವ್ಯಾಸಾರ್ಧದಷ್ಟು ಎತ್ತರದ ಕಲ್ಲನ್ನು ಅದು ಏರಲಾರದು. ಅದಕ್ಕಿಂತ ಚಿಕ್ಕ ಕಲ್ಲಾದರೂ ಎತ್ತರವು ವ್ಯಾಸಾರ್ಧಕ್ಕೆ ಸಮೀಪಿಸಿದಷ್ಟೂ ಬೇಕಾಗುವ ಬಲವು ವಿಪರೀತವಾಗಿ ಹೆಚ್ಚುವುದು. ಅಂಗೈಯಗಲದ ಕಿರುಗಾಲಿಗೆ ಮರದ ಬೇರೊಂದು ಗೋಡೆಯಾಗುವುದು ಹೀಗೆ. ಇದಲ್ಲದೆ ಸಣ್ಣ ಗಾಲಿಯು ಭಾರವನ್ನೆಲ್ಲ ಸ್ವಲ್ಪವೇ ಜಾಗದ ಮೇಲೆ ಊರುವುದರಿಂದ ಮರಳಿನಲ್ಲಿಯೂ ಕೆಸರಿನಲ್ಲಿಯೂ ಹೂತುಹೋಗುತ್ತದೆ. ಕಿರುಗಾಲಿಯು ತಡೆದು ನಿಂತಾಗ ಕುಳಿತವನು ಮುಂದಕ್ಕೆ ಮುಗ್ಗರಿಸುವ ಅಪಾಯವೂ, ಏರಿನಲ್ಲಿ ಹಿಂದಕ್ಕೆ ಮಗುಚುವ ಅಪಾಯವೂ ಉಂಟು. ಕುಳಿತವನಲ್ಲಿ ಯಾವ ಲೋಪವೂ ಇರಲಿಲ್ಲ. ನುಣುಪಾದ ನೆಲಕ್ಕೆಂದು ಮಾಡಿದ ಕರಣವನ್ನು ಕಾಡಿನ ನೆಲಕ್ಕೆ ತಂದದ್ದರಿಂದ ಕ್ರಿಯೆಯು ಸಿದ್ಧಿಸಲಿಲ್ಲ.

೫

ಈ ಕೊರತೆಯನ್ನು ಮೊದಲು ತೀವ್ರವಾಗಿ ಮನಗಂಡವರು ಆ ಕುರ್ಚಿಗಳಲ್ಲಿಯೇ ಕುಳಿತವರು. ರಾಲ್ಫ್ ಹಾಚ್ಕಿಸ್ ಎಂಬ ಅಮೆರಿಕದ ಎಂಜಿನಿಯರು ೧೯೬೬ರಲ್ಲಿ ವಿದ್ಯಾರ್ಥಿಯಾಗಿದ್ದಾಗ ಮೋಟಾರುಸೈಕಲ್ಲಿನ ಅಪಘಾತದಿಂದ ನಡೆಯುವ ಶಕ್ತಿಯನ್ನು ಕಳೆದುಕೊಂಡರು. ೧೯೮೦ರಲ್ಲಿ ಅವರು ಮಧ್ಯ ಅಮೆರಿಕದ ನಿಕರಾಗುವಕ್ಕೆ ಹೋಗಿ, ಕಲ್ಲುಮಣ್ಣಿನ ದಾರಿಗಳಲ್ಲಿ ಆಸ್ಪತ್ರೆಯ ಕುರ್ಚಿಗಳು ಮುರಿದುಬೀಳುವುದನ್ನು ಕಂಡು, ಅಲ್ಲಿಯ ಅಂಗವಿಕಲ ಕುಶಲಕರ್ಮಿಗಳ ಜೊತೆಯಲ್ಲಿಯೇ ಹೊಸ ಕುರ್ಚಿಗಳನ್ನು ರಚಿಸತೊಡಗಿದರು. ಈ ಕೆಲಸದಿಂದ ಹುಟ್ಟಿದ ವರ್ಲ್‌ವಿಂಡ್ ಎಂಬ ಸಂಸ್ಥೆಯ ಕುರ್ಚಿಗಳಲ್ಲಿ ಎರಡು ವಿಶೇಷಗಳಿವೆ. ಒಂದು, ಮುಂದಣ ಗಾಲಿಗಳಿಗೂ ಹಿಂದಣ ಗಾಲಿಗಳಿಗೂ ನಡುವೆ ಹೆಚ್ಚಿನ ಅಂತರ. ಇದರಿಂದ ಮುಗ್ಗರಿಸುವುದು ತಪ್ಪುತ್ತದೆ. ಇನ್ನೊಂದು, ಮುಂದುಗಡೆ ಅಗಲವಾದ ಮೆತ್ತನೆಯ ರಬ್ಬರಿನ ಗಾಲಿ. ಆಫ್ರಿಕದ ಜಿಂಬಾಬ್ವೆಯಲ್ಲಿ ರೂಪುಗೊಂಡ ಈ ಗಾಲಿಗೆ ಆ ದೇಶದ ಹೆಸರೇ ಬಂದಿದೆ. ಸಂಪನ್ನ ದೇಶಗಳ ನುಣುಪಾದ ನೆಲಕ್ಕೆ ಬೇಡವಾಗಿದ್ದ ಅರಿವು ಬಡ ದೇಶಗಳ ಒರಟು ನೆಲದಿಂದ ಬಂದಿತೆಂಬುದು ಚರಿತ್ರಕಾರರು ಮರೆಯಬಾರದ ಸಂಗತಿ.

ಇದೇ ದಾರಿಯಲ್ಲಿ ಮುಂದಣ ಹೆಜ್ಜೆಯನ್ನಿಟ್ಟವರು ಮೆಸಾಚುಸೆಟ್ಸ್ ತಾಂತ್ರಿಕ ವಿದ್ಯಾಲಯದ ಏಮಸ್ ವಿಂಟರ್. ೨೦೦೫ರಲ್ಲಿ ಟಾಂಜೇನಿಯದಲ್ಲಿ ಗಾಲಿಕುರ್ಚಿಗಳ ಸ್ಥಿತಿಯನ್ನು ಪರಿಶೀಲಿಸಿದ ಅವರು, ಬಳೆಯನ್ನು ತಳ್ಳುವ ಬದಲು ಎರಡು ಸನ್ನೆಗೋಲುಗಳನ್ನು ಹಿಂದಕ್ಕೂ ಮುಂದಕ್ಕೂ ಆಡಿಸಿ ನಡೆಸುವ ಮೂರುಗಾಲಿಯ ಕುರ್ಚಿಯನ್ನು ಕಲ್ಪಿಸಿದರು. ಸನ್ನೆಗೋಲನ್ನು ಮೇಲುಗಡೆ ಹಿಡಿದರೆ ಬಲ ಹೆಚ್ಚು, ವೇಗ ಕಡಿಮೆ. ಕೆಳಗೆ ಹಿಡಿದರೆ ವೇಗ ಹೆಚ್ಚು, ಬಲ ಕಡಿಮೆ. ದಿಬ್ಬವನ್ನು ಹತ್ತುವಾಗ ಕೈಯನ್ನು ಮೇಲಕ್ಕೆ ಸರಿಸಿದರಾಯಿತು. ಸರಪಣಿ, ಹಲ್ಲುಚಕ್ರ ಮೊದಲಾದುವೆಲ್ಲ ಸೈಕಲ್ಲಿನ ಭಾಗಗಳಾದುದರಿಂದ ಯಾವ ಹಳ್ಳಿಯ ಸೈಕಲ್ ಅಂಗಡಿಯಲ್ಲಾದರೂ ದುರಸ್ತಿ ಸಾಧ್ಯ. ಜೈಪುರದ ಕೃತಕಪಾದಕ್ಕಾಗಿ ಜಗತ್ಪ್ರಸಿದ್ಧವಾದ ಭಗವಾನ್ ಮಹಾವೀರ ವಿಕಲಾಂಗ ಸಹಾಯತಾ ಸಮಿತಿಯ ಸಹಕಾರದಿಂದ ಭಾರತದಲ್ಲಿಯೂ ಅದನ್ನು ಪರೀಕ್ಷಿಸಿದರು. ಮುಂದೆ ೨೦೨೧ರಲ್ಲಿ ಮದರಾಸಿನ ಐ. ಐ. ಟಿ.ಯಲ್ಲಿ ಹುಟ್ಟಿದ ನಿಯೋಬೋಲ್ಟ್ ಎಂಬ ಜೋಡಣೆಯು ಬಂದಿತು. ವಿದ್ಯುತ್ಕೋಶದಿಂದ ನಡೆಯುವ ಈ ಮುಂಗಾಲಿಯನ್ನು ಕುರ್ಚಿಗೆ ಸಿಕ್ಕಿಸಿದರೆ ಕಿರುಗಾಲಿಗಳು ನೆಲದಿಂದ ಮೇಲಕ್ಕೇಳುವುವು. ಒಂದು ಸಲ ವಿದ್ಯುತ್ತನ್ನು ತುಂಬಿದರೆ ಸುಮಾರು ೨೫ ಕಿಲೋಮೀಟರ್ ದೂರ ಹೋಗಬಹುದು.

ಕಡಲತೀರಕ್ಕಾಗಿ ಕುಂಬಳಕಾಯಿಯಂತೆ ಉಬ್ಬಿದ, ಕಡಿಮೆ ಒತ್ತಡದ ಗಾಳಿ ತುಂಬಿದ ಗಾಲಿಗಳ ಕುರ್ಚಿಗಳು ಬಂದುವು. ಭಾರವನ್ನು ಹರಡುವುದರಿಂದ ಅವು ಮರಳಿನಲ್ಲಿ ಹೂಳುವುದಿಲ್ಲ. ಕೆಸರು, ಹಿಮ, ಬೇರುಗಳ ದಾರಿಗಾಗಿ ಬುಲ್ಡೋಜರಿಗಿರುವಂತೆ ರಬ್ಬರಿನ ಪಟ್ಟಿಗಳ ಮೇಲೆ ಉರುಳುವ ವಿದ್ಯುತ್ಕುರ್ಚಿಗಳು ಬಂದುವು. ಇವುಗಳನ್ನು ನಡೆಸುವುದಕ್ಕೆ ಒಂದು ಕೈಯ ಬೆರಳುಗಳ ಬಲವಿದ್ದರೂ ಸಾಕು.

ಕಡಿದಾದ ಬೆಟ್ಟದ ಕಾಲುದಾರಿಗೆ ಇವೂ ಸಾಲವು. ಅಲ್ಲಿಗೆ ಫ್ರಾನ್ಸಿನ ಜೋಯೆಲ್ ಕ್ಲಾಡೆಲ್ ಎಂಬ ಪರ್ವತಮಾರ್ಗದರ್ಶಕರು ೧೯೮೭ರಲ್ಲಿ ಒಂದು ಉಪಾಯವನ್ನು ಕಂಡುಹಿಡಿದರು. ಸ್ನಾಯುಗಳ ಬಲ ಕ್ಷಯಿಸುವ ರೋಗಕ್ಕೆ ಒಳಗಾಗಿದ್ದ ತಮ್ಮ ಬಂಧುವಾದ ಹುಡುಗನನ್ನು ಬೆಟ್ಟಕ್ಕೆ ಕರೆದೊಯ್ಯುವುದಕ್ಕಾಗಿ ಅವರು ಒಂದೇ ಗಾಲಿಯ ಕುರ್ಚಿಯನ್ನು ರಚಿಸಿದರು. ಅದಕ್ಕೆ ಜೋಯೆಲೆಟ್ ಎಂದು ಹೆಸರು. ಮುಂದೊಬ್ಬರು, ಹಿಂದೊಬ್ಬರು ಹಿಡಿಗಳನ್ನು ಹಿಡಿದು ಸಮತೂಕವನ್ನು ಕಾಯುತ್ತಾರೆ; ಭಾರವನ್ನು ಬಹುಮಟ್ಟಿಗೆ ಗಾಲಿಯೇ ಹೊರುತ್ತದೆ. ಇದನ್ನು ನೋಡಿದ ಕನ್ನಡಿಗರಿಗೆ ಶ್ರವಣಬೆಳಗೊಳದ ಡೋಲಿಯು ನೆನಪಾಗದಿರದು. ವಿಂಧ್ಯಗಿರಿಯ ಆರುನೂರಕ್ಕೂ ಮೇಲ್ಪಟ್ಟ ಮೆಟ್ಟಿಲುಗಳನ್ನು ಹತ್ತಲಾರದವರನ್ನು ಅಲ್ಲಿ ಆಳುಗಳು ಡೋಲಿಯಲ್ಲಿ ಹೊತ್ತು ಗೊಮ್ಮಟೇಶ್ವರನ ಸನ್ನಿಧಿಗೆ ಮುಟ್ಟಿಸುವರು. ಡೋಲಿಯ ಭಾರವೆಲ್ಲ ಹೆಗಲಿನದು. ಜೋಯೆಲೆಟ್ಟಿನಲ್ಲಿ ಹೆಗಲಿನ ಕೆಲಸವನ್ನು ಗಾಲಿಯು ಹಂಚಿಕೊಂಡಿತು. ಪಲ್ಲಕ್ಕಿಯನ್ನು ಹೊತ್ತ ಜಡಭರತನು ರಹೂಗಣರಾಜನಿಗೆ ಹೇಳಿದ ಮಾತುಗಳನ್ನು ಭಾಗವತದಲ್ಲಿ ಓದಿದವರಿಗೆ ಹೊರುವವನ ದೃಷ್ಟಿಯಿಂದಲೂ ಈ ವ್ಯತ್ಯಾಸವು ಅಲ್ಪವೆನ್ನಿಸದು.

ಇಲ್ಲಿ ಒಂದು ಆಕ್ಷೇಪ ಬರಬಹುದು. ಬೇರೆಯವರು ಎಳೆದು ನೂಕಿದಲ್ಲಿ ಕುಳಿತವನು ಮತ್ತೆ ಕರ್ಮವೇ ಆದನಲ್ಲವೇ? ಆಗಲೇಬೇಕೆಂಬ ನಿಯಮವಿಲ್ಲ. ವ್ಯಾಕರಣಶಾಸ್ತ್ರವು ಪ್ರಯೋಜಕನಾದ ಕರ್ತೃವನ್ನೂ ಒಪ್ಪಿದೆ. ಮಾಡುವವನು ಕರ್ತೃವಾದಂತೆ ಮಾಡಿಸುವವನೂ ಕರ್ತೃವೇ. ಎಲ್ಲಿಗೆ ಹೋಗಬೇಕು, ಎಲ್ಲಿ ನಿಲ್ಲಬೇಕು, ಯಾವಾಗ ಹಿಂದಿರುಗಬೇಕು ಎಂಬುದನ್ನು ಕುಳಿತವನು ನಿರ್ಣಯಿಸಿದರೆ ಅವನು ಪ್ರಯೋಜಕಕರ್ತೃ. ಸಾಂಖ್ಯರ ಕಥೆಯ ಕುಂಟನು ಇಂಥವನು. ಅವನನ್ನು ಕೇಳದೆಯೇ ತಳ್ಳಿಕೊಂಡು ಹೋದರೆ, ಕುರ್ಚಿಯು ಎಷ್ಟೇ ಉತ್ತಮವಾಗಿರಲಿ, ಅವನು ಊರಿಗೊಯ್ದ ಆಡು. ಸ್ವಾತಂತ್ರ್ಯವು ತೋಳಿನ ಬಲದಲ್ಲಿಲ್ಲ, ನಿರ್ಣಯದಲ್ಲಿದೆ ಎಂಬುದು ಇದರಿಂದ ಸಿದ್ಧವಾಗುತ್ತದೆ.

೬

ಕರಣವು ಸಿದ್ಧವಾದಮೇಲೆಯೂ ಒಂದು ತಡೆ ಉಳಿಯಿತು. ಅದು ಕಲ್ಲಿನದಲ್ಲ, ಶಬ್ದದ್ದು. ೧೯೬೪ರಲ್ಲಿ ಅಮೆರಿಕ ಸಂಯುಕ್ತಸಂಸ್ಥಾನಗಳಲ್ಲಿ ವನ್ಯಪ್ರದೇಶಗಳನ್ನು ರಕ್ಷಿಸುವ ಒಂದು ಕಾಯಿದೆಯಾಯಿತು. ಅದರ ಪ್ರಕಾರ ಅಂಥ ಪ್ರದೇಶಗಳಲ್ಲಿ ಯಂತ್ರವಾಹನಗಳನ್ನು ನಡೆಸಕೂಡದು. ಗಾಲಿಕುರ್ಚಿಯೂ ವಾಹನವೇ ಎಂಬ ಸಂಶಯವನ್ನು ಪರಿಹರಿಸಲು ೧೯೯೦ರ ಅಂಗವಿಕಲರ ಹಕ್ಕುಗಳ ಕಾಯಿದೆಯಲ್ಲಿ ಸ್ಪಷ್ಟವಾಗಿ ವಿಧಿಸಿದರು: ಗಾಲಿಕುರ್ಚಿಯನ್ನು ಬಳಸುವವರನ್ನು ವನ್ಯಪ್ರದೇಶದಿಂದ ಹೊರಗಿಡುವಂತಿಲ್ಲ. ಇದು ಸ್ತುತ್ಯವಾದ ವಿಧಿ. ಆದರೆ ಅದೇ ವಾಕ್ಯದ 'ಗಾಲಿಕುರ್ಚಿ' ಎಂಬ ಶಬ್ದಕ್ಕೆ ಲಕ್ಷಣವನ್ನು ಹೇಳುವಾಗ, ನಡೆಯಲು ತೊಂದರೆಯಿರುವವರ ಸಂಚಾರಕ್ಕಾಗಿಯೇ ಮಾಡಿದುದೂ ಕಟ್ಟಡದ ಒಳಗೆ ಜನರು ನಡೆದಾಡುವ ಜಾಗದಲ್ಲಿ ಬಳಸಲು ತಕ್ಕುದೂ ಆದ ಸಾಧನವೇ ಗಾಲಿಕುರ್ಚಿ ಎಂಬ ಅಭಿಪ್ರಾಯವನ್ನು ಸೇರಿಸಿದರು. ಕಾಡಿಗೆ ಹೋಗಲು ಅನುಮತಿ ಪಡೆಯಬೇಕಾದ ಸಾಧನಕ್ಕೆ ಮನೆಯೊಳಗೆ ಓಡಾಡುವ ಯೋಗ್ಯತೆಯನ್ನು ಲಕ್ಷಣವಾಗಿ ಇಟ್ಟಂತಾಯಿತು.

ಇದಕ್ಕೆ ಕಾರಣವಿಲ್ಲದಿಲ್ಲ. ಈ ಕಟ್ಟನ್ನು ಹಾಕದಿದ್ದರೆ ಯಾವ ಮೋಟಾರುಗಾಡಿಯನ್ನಾದರೂ ಗಾಲಿಕುರ್ಚಿಯೆಂದು ಕರೆದು ಕಾಡಿಗೆ ನುಗ್ಗಿಸಬಹುದು. ತಾರ್ಕಿಕರು ಇದನ್ನು ಅತಿವ್ಯಾಪ್ತಿದೋಷವೆನ್ನುವರು. ಆದರೆ ಅದನ್ನು ತಪ್ಪಿಸುವ ಭರದಲ್ಲಿ ಅವ್ಯಾಪ್ತಿದೋಷವು ಒದಗಿತು. ಬಾಗಿಲಿನಲ್ಲಿ ಹಿಡಿಸದಷ್ಟು ಅಗಲವಾದ, ಕಾಡಿನ ದಾರಿಗೆಂದೇ ಮಾಡಿದ ಕುರ್ಚಿಯು ಲಕ್ಷಣದ ಹೊರಗೆ ಬಿದ್ದಿತು. ವನ್ಯಪ್ರದೇಶಗಳ ಮಟ್ಟಿಗೆ ಈ ಲಕ್ಷಣವು ಹಾಗೆಯೇ ನಿಂತಿದೆ. ಉಳಿದ ಸಾರ್ವಜನಿಕ ಸ್ಥಳಗಳ ವಿಷಯದಲ್ಲಿ ಮಾತ್ರ, ೨೦೧೦ರಲ್ಲಿ ಪ್ರಕಟವಾಗಿ ೨೦೧೧ರ ಮಾರ್ಚಿ ೧೫ರಿಂದ ಜಾರಿಗೆ ಬಂದ ಅಮೆರಿಕದ ನ್ಯಾಯಾಡಳಿತ ಇಲಾಖೆಯ ನಿಯಮಗಳು, ಒಳಗಿನ ಸಂಚಾರಕ್ಕಾಗಲಿ, ಒಳಗೂ ಹೊರಗೂ ಎರಡೂ ಕಡೆಯ ಸಂಚಾರಕ್ಕಾಗಲಿ ಮುಖ್ಯವಾಗಿ ಉದ್ದೇಶಿಸಿದ ಸಾಧನವೆಂದು ಗಾಲಿಕುರ್ಚಿಯ ಲಕ್ಷಣವನ್ನು ಹಿಗ್ಗಿಸಿದುವು. 'ಹೊರಗೂ' ಎಂಬ ಆ ಒಂದು ಮಾತು ಲಕ್ಷಣದೊಳಗೆ ಬರುವುದಕ್ಕೆ ಫಾರ್ಫ್ಲರನ ಕಾಲದಿಂದ ಮೂರುವರೆ ಶತಮಾನಗಳು ಹಿಡಿದುವು. ಶಬ್ದಾರ್ಥವಿಚಾರವು ನಿರರ್ಥಕವಾದ ಕಾಲಹರಣವೆನ್ನುವವರು ಇದನ್ನು ಗಮನಿಸಬೇಕು.

೭

ಇನ್ನು ಉಳಿದುದು ಅಧಿಕರಣ. ಒರಟು ನೆಲದಲ್ಲಿ ನಡೆಯುವ ವಿದ್ಯುತ್ಕುರ್ಚಿಗಳ ಬೆಲೆ ಹತ್ತು ಸಾವಿರ ಡಾಲರುಗಳಿಗೂ ಹೆಚ್ಚು. ಅವು ಎಲ್ಲರ ಕೈಗೆಟುಕುವುದಿಲ್ಲ. ಆದಕಾರಣ ಕೆಲವೆಡೆ ಉದ್ಯಾನಗಳೇ ಅವುಗಳನ್ನು ಕೊಂಡಿಟ್ಟು ಬಂದವರಿಗೆ ಕೊಡುವ ಪದ್ಧತಿಯನ್ನು ಮಾಡಿವೆ. ಕೊಲರಾಡೊ ಸಂಸ್ಥಾನದ ಸ್ಟಾಂಟನ್ ಉದ್ಯಾನದಲ್ಲಿ ಇಂಥ ಏರ್ಪಾಡು ಮೊದಲೇ ನಡೆಯುತ್ತಿತ್ತು. ೨೦೨೨ರಲ್ಲಿ ಮಿನೆಸೋಟ ಮತ್ತು ಜಾರ್ಜಿಯ ಸಂಸ್ಥಾನಗಳ ಉದ್ಯಾನಗಳಲ್ಲಿಯೂ ಆರಂಭವಾಯಿತು. ರೂಸ್ವೆಲ್ಟನಿಗೆ ತನ್ನ ಗಾಡಿಯೊಂದರಿಂದ ಸಾಧ್ಯವಾದುದು ಅದೇ ಜಾರ್ಜಿಯದಲ್ಲಿ ಸಾಮಾನ್ಯರಿಗೂ ಸ್ವಲ್ಪಮಟ್ಟಿಗೆ ಸಾಧ್ಯವಾಯಿತು. ಗ್ರಂಥಭಂಡಾರದಿಂದ ಪುಸ್ತಕವನ್ನು ಎರವಲು ಪಡೆದು ಓದುವ ನಮಗೆ ಈ ಪದ್ಧತಿಯ ಯುಕ್ತತೆಯನ್ನು ವಿವರಿಸಬೇಕಾಗಿಲ್ಲ.

ನಮ್ಮ ನೆರೆಯ ಚೆನ್ನೈ ನಗರದ ಮರೀನ ಕಡಲತೀರದ ಸಂಗತಿಯು ಇನ್ನೊಂದು ಪಾಠವನ್ನು ಕಲಿಸುತ್ತದೆ. ಅಲ್ಲಿ ರಸ್ತೆಯ ಕಡೆಯಿಂದ ನೀರಿನ ಅಂಚಿನವರೆಗೆ ಮರಳು ಬಹಳ ಅಗಲವಾಗಿ ಹಬ್ಬಿದೆ. ಗಾಲಿಕುರ್ಚಿಯವರು ದೂರದಿಂದ ಅಲೆಗಳ ಸದ್ದನ್ನು ಕೇಳಿ ಹಿಂದಿರುಗುತ್ತಿದ್ದರು. ಅಂಗವಿಕಲರ ಸಂಘಗಳ ಬಹುಕಾಲದ ಬೇಡಿಕೆಯ ಫಲವಾಗಿ ೨೬೩ ಮೀಟರ್ ಉದ್ದವೂ ೩ ಮೀಟರ್ ಅಗಲವೂ ಉಳ್ಳ ಮರದ ಹಾದಿಯನ್ನು ನಗರಸಭೆಯವರು ಕಟ್ಟಿಸಿದರು. ೨೦೨೨ರ ನವೆಂಬರ್ ೨೭ರಂದು ಅದರ ಪ್ರಾರಂಭೋತ್ಸವವಾಯಿತು. ಎರಡು ವಾರ ಕಳೆಯುವುದರೊಳಗಾಗಿ ಮಾಂಡೂಸ್ ಚಂಡಮಾರುತದ ಅಲೆಗಳಿಗೆ ಅದರ ಒಂದು ಭಾಗವು ಕಿತ್ತುಹೋಯಿತು. ಮತ್ತೆ ದುರಸ್ತಿಮಾಡಿದರು. ಕುರ್ಚಿಯನ್ನು ಒಮ್ಮೆ ಕೊಂಡರೆ ಮುಗಿಯಿತೆನ್ನಬಹುದು. ನೆಲವನ್ನು ಒಮ್ಮೆ ಸಿದ್ಧಪಡಿಸಿದರೆ ಮುಗಿಯಲಿಲ್ಲ. ಅದನ್ನು ವರ್ಷವರ್ಷವೂ ಕಾಯಬೇಕು. ಅಧಿಕರಣವು ಜನಸಮುದಾಯದ ಹೊಣೆಯೆಂಬುದು ಇದರಿಂದ ತಿಳಿಯುತ್ತದೆ.

ಭಾರತದ ಶಾಸನವೂ ಈ ಹೊಣೆಯನ್ನು ಒಪ್ಪಿದೆ. ೨೦೦೬ರಲ್ಲಿ ವಿಶ್ವಸಂಸ್ಥೆಯು ಅಂಗೀಕರಿಸಿದ ಅಂಗವಿಕಲರ ಹಕ್ಕುಗಳ ಒಡಂಬಡಿಕೆಯ ೩೦ನೆಯ ವಿಧಿಯು ಸಂಸ್ಕೃತಿ, ವಿಹಾರ, ವಿರಾಮ, ಕ್ರೀಡೆಗಳಲ್ಲಿ ಪಾಲ್ಗೊಳ್ಳುವ ಹಕ್ಕನ್ನು ಹೇಳುತ್ತದೆ. ಭಾರತವು ೨೦೦೭ರಲ್ಲಿ ಅದಕ್ಕೆ ಒಪ್ಪಿಗೆಯಿತ್ತಿತು. ಅದರ ಅನುಸಾರವಾಗಿ ಬಂದ ೨೦೧೬ರ ನಮ್ಮ ಕಾಯಿದೆಯ ೨೯ನೆಯ ಪ್ರಕರಣದಲ್ಲಿ ಸಾಂಸ್ಕೃತಿಕ ಜೀವನದ ಜೊತೆಗೆ ಹೊರಾಂಗಣ ಶಿಬಿರಗಳನ್ನೂ ಸಾಹಸಕಾರ್ಯಗಳನ್ನೂ ಹೆಸರಿಸಿದೆ. ಮನುಸ್ಮೃತಿಯು ಪೀಠಸರ್ಪಿಗೆ ಕರದಿಂದ ಬಿಡುಗಡೆಯನ್ನು ಕೊಟ್ಟಿತ್ತು; ಈ ಕಾಯಿದೆಯು ಅವನಿಗೆ ವಿಹಾರವನ್ನೂ ಹಕ್ಕಿನ ಪಟ್ಟಿಯಲ್ಲಿ ಸೇರಿಸಿತು. ಕಾಗದದ ಮೇಲಿರುವುದು ನೆಲದ ಮೇಲೆ ಬರುವುದಕ್ಕೆ ಇನ್ನೂ ಬಹಳ ಕೆಲಸವಾಗಬೇಕಾಗಿದೆ.

ಒಟ್ಟಿನಲ್ಲಿ ಈ ಚರಿತ್ರೆಯಿಂದ ತಿಳಿದುಬರುವುದೇನೆಂದರೆ: ನಡೆಯಲಾರದವರು ಬಯಲಿನ ಸುಖದಿಂದ ದೂರವಾದದ್ದು ಕಾಲಿನ ದೋಷವೊಂದರಿಂದಲೇ ಅಲ್ಲ. ಕರಣವನ್ನು ಒಳಮನೆಗೆಂದು ಮಾಡಿದರು, ಲಕ್ಷಣವನ್ನು ಒಳಮನೆಗೆ ಕಟ್ಟಿದರು, ನೆಲವನ್ನು ಸಿದ್ಧಪಡಿಸಲಿಲ್ಲ, ಎಲ್ಲಕ್ಕಿಂತ ಹೆಚ್ಚಾಗಿ ಕುಳಿತವನನ್ನು ಕೇಳಲಿಲ್ಲ. ಕೇಳಿದಾಗಲೆಲ್ಲ, ಅಥವಾ ಫಾರ್ಫ್ಲರನಂತೆಯೂ ಹಾಚ್ಕಿಸರಂತೆಯೂ ಕುಳಿತವನೇ ಕೈಹಾಕಿದಾಗಲೆಲ್ಲ, ಕುರ್ಚಿಯು ಒಂದು ಹೆಜ್ಜೆ ಮುಂದೆ ಹೋಗಿದೆ.

ಈ ಪತ್ರಿಕೆಯ ವಾಚಕರಲ್ಲಿ ಅನೇಕರು ಅಧ್ಯಾಪಕರು. ತರಗತಿಯಲ್ಲಿ ವನವರ್ಣನೆಯನ್ನೂ ಸಮುದ್ರವರ್ಣನೆಯನ್ನೂ ಪಾಠಹೇಳುವರು. ಶಾಸನ, ದೇವಾಲಯ, ಬೆಟ್ಟ, ಹೊಳೆಗಳನ್ನು ತೋರಿಸಲು ವಿದ್ಯಾರ್ಥಿಗಳನ್ನು ಕರೆದೊಯ್ಯುವರು. ಅವರಲ್ಲಿ ಒಬ್ಬನು ಗಾಲಿಕುರ್ಚಿಯಲ್ಲಿ ಬರುವವನಾಗಿದ್ದರೆ, ಅವನನ್ನು ಕನಿಕರದಿಂದ ಊರಿನಲ್ಲಿಯೇ ಬಿಟ್ಟುಹೋಗುವುದು ಸುಲಭ. ಹಾಗೆ ಮಾಡುವ ಬದಲು, ನೋಡಬೇಕೆಂದು ಅವನಿಗೆ ಇಷ್ಟವಿರುವ ಸ್ಥಳ ಯಾವುದೆಂದು ಮೊದಲು ವಿಚಾರಿಸಿ, ಅಲ್ಲಿಯ ದಾರಿಯನ್ನು ಮುಂಚಿತವಾಗಿ ಒಬ್ಬರು ಹೋಗಿ ನೋಡಿಕೊಂಡು, ತಕ್ಕ ಕುರ್ಚಿಯನ್ನೂ ಇಬ್ಬರು ಸಹಪಾಠಿಗಳ ನೆರವನ್ನೂ ಅಣಿಮಾಡಿಕೊಂಡು ಹೊರಡುವುದು ಅಸಾಧ್ಯವಾದ ಕಾರ್ಯವಲ್ಲ. ಕನ್ನಡನಾಡಿನ ಯಾವ ಯಾವ ಬೆಟ್ಟ, ತೋಟ, ಕಡಲತೀರ, ಪ್ರಾಚೀನಸ್ಥಳಗಳಲ್ಲಿ ಎಷ್ಟು ದೂರದವರೆಗೆ ಗಾಲಿಕುರ್ಚಿಯು ಹೋಗಬಲ್ಲದೆಂಬುದನ್ನು ಆಯಾ ಸ್ಥಳದ ವಿದ್ವಾಂಸರು ಪರಿಶೀಲಿಸಿ ಬರೆದರೆ, ಅದು ಶಾಸನಗಳ ಪಟ್ಟಿಯಷ್ಟೇ ಉಪಯುಕ್ತವಾದ ಸಂಶೋಧನೆಯಾಗುವುದರಲ್ಲಿ ಸಂದೇಹವಿಲ್ಲ.